ಸಂಗೀತ ಹುಡುಕಾಟದ ಚರಿತ್ರೆ: ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು?

1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆ ತಟ್ಟೆಗಳನ್ನು ಈಗ ಕೇಳಿದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಹಾಡು ಮುಗಿಯುತ್ತಿದ್ದಂತೆ ಗಾಯಕಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಘೋಷಿಸುತ್ತಾರೆ. ಇದು ಜಂಬದ ಮಾತಲ್ಲ. ಮೂಲ ಮುದ್ರಿಕೆಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ಪ್ರತಿಗಳಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆಯೂ ತಿಳಿಯದು, ಸಂಗೀತವೂ ತಿಳಿಯದು. ತಟ್ಟೆಯ ಮೇಲಿನ ಚೀಟಿಯಲ್ಲಿ ಯಾರ ಹೆಸರು ಅಚ್ಚಾಗಬೇಕೆಂಬುದನ್ನು ತಟ್ಟೆಯೇ ಹೇಳಲಿ ಎಂದು ಈ ಏರ್ಪಾಡು. (ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.)

ಸಂಗೀತವನ್ನು ಹುಡುಕುವ ಸಮಸ್ಯೆ ಇಲ್ಲಿಯೇ ಇದೆ. ಧ್ವನಿಯ ಅಲೆಯಲ್ಲಿ ಹೆಸರು ಬರೆದಿರುವುದಿಲ್ಲ. ಹೆಸರು ಗೊತ್ತಿದ್ದರೆ ಗಣಕಕ್ಕೆ ಕೆಲಸ ಸುಲಭ. ಅದು ಪದಗಳ ಹುಡುಕಾಟ, ಗ್ರಂಥಾಲಯದ ಪಟ್ಟಿಯಲ್ಲಿ ಪುಸ್ತಕ ಹುಡುಕಿದಂತೆ. ಆದರೆ ಬಸ್ಸಿನಲ್ಲಿ ಕೇಳಿದ ಹಾಡೊಂದು ತಲೆಯಲ್ಲಿ ಸುತ್ತುತ್ತಿದೆ, ಕವಿ ಗೊತ್ತಿಲ್ಲ, ಗಾಯಕ ಗೊತ್ತಿಲ್ಲ, ಮೊದಲ ಸಾಲೂ ಮರೆತಿದೆ ಎಂದರೆ? ಧ್ವನಿಯಿಂದಲೇ ಧ್ವನಿಯನ್ನು ಹುಡುಕಬೇಕು. ಇದನ್ನು ಗಣಕ ಹೇಗೆ ಕಲಿಯಿತು, ಅದರಲ್ಲೂ ಕೋಟ್ಯಂತರ ಮುದ್ರಿಕೆಗಳ ನಡುವೆ ಕ್ಷಣಾರ್ಧದಲ್ಲಿ ಹುಡುಕುವುದನ್ನು ಹೇಗೆ ಕಲಿಯಿತು ಎಂಬುದು ಈ ಲೇಖನದ ವಿಷಯ. ಗಣಕಗಳ ವೇಗ ಹೆಚ್ಚಿದ್ದು ಇದಕ್ಕೆ ಒಂದು ಕಾರಣ, ನಿಜ. ಆದರೆ ದೊಡ್ಡ ಜಿಗಿತಗಳೆಲ್ಲ ಬಂದದ್ದು ಧ್ವನಿಯಲ್ಲಿ ಯಾವುದನ್ನು ಬಿಟ್ಟುಬಿಡಬಹುದು ಎಂದು ಯಾರೋ ಒಬ್ಬರು ಸರಿಯಾಗಿ ಊಹಿಸಿದಾಗ. ಹಾಗೆ ಬಿಟ್ಟದ್ದರ ಬೆಲೆ ನಮ್ಮ ಸಂಗೀತಕ್ಕೆ ಬಂದಾಗ ಎದ್ದು ಕಾಣುತ್ತದೆ.

ಬರಿಯ ಶಕ್ತಿಯಿಂದ ಹುಡುಕಿದರೆ

ಮೊದಲು ಒಂದು ಲೆಕ್ಕ. ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತಾರೆ. ಐದು ನಿಮಿಷದ ಹಾಡು ಎಂದರೆ ಸುಮಾರು 1 ಕೋಟಿ 32 ಲಕ್ಷ ಸಂಖ್ಯೆಗಳು (ಒಂದೇ ಚಾನೆಲ್ ಎಣಿಸಿದರೆ). ನಮ್ಮ ಕೈಯಲ್ಲಿರುವ ಹತ್ತು ಸೆಕೆಂಡಿನ ತುಣುಕಿನಲ್ಲಿ 4,41,000 ಸಂಖ್ಯೆಗಳು. ತುಣುಕನ್ನು ಹಾಡಿನ ಮೇಲೆ ಒಂದೊಂದೇ ಹೆಜ್ಜೆ ಸರಿಸುತ್ತ, ಪ್ರತಿ ಸ್ಥಾನದಲ್ಲೂ ಎರಡನ್ನೂ ಗುಣಿಸಿ ಕೂಡಿಸಿ ಹೊಂದಾಣಿಕೆ ನೋಡಿದರೆ ಸುಮಾರು 5.8 × 10¹² ಗುಣಾಕಾರಗಳಾಗುತ್ತವೆ. ಸೆಕೆಂಡಿಗೆ ನೂರು ಕೋಟಿ ಗುಣಾಕಾರ ಮಾಡುವ ಗಣಕಕ್ಕೂ ಒಂದು ಹಾಡಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಕು. ಲಕ್ಷ ಹಾಡುಗಳಿದ್ದರೆ ಎಷ್ಟೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

ಇಷ್ಟು ಮಾಡಿದರೂ ಫಲ ಸಂದೇಹವೇ. ಬಸ್ಸಿನ ಗದ್ದಲ, ಕೋಣೆಯ ಪ್ರತಿಧ್ವನಿ, ಅಗ್ಗದ ಮೈಕು ಇವುಗಳಿಂದಾಗಿ ಅಲೆಯ ಆಕಾರವೇ ಬದಲಾಗಿರುತ್ತದೆ. ಬೇರೊಬ್ಬರು ಹಾಡಿದ್ದರಂತೂ ಒಂದು ಸಂಖ್ಯೆಯೂ ತಾಳೆಯಾಗದು. ಕಿವಿಗೆ ಒಂದೇ ಎನಿಸುವುದು ಅಲೆಯಲ್ಲಿ ಒಂದೇ ಆಗಿರಬೇಕಿಲ್ಲ.

ಗಣಕಕ್ಕೆ ಮುಂಚೆ

ಸೂಚಿ ಮಾಡುವ ಕಲೆ ಗಣಕಕ್ಕಿಂತ ಹಳೆಯದು. ನಮ್ಮಲ್ಲೇ ಇದರ ಒಂದು ಸೊಗಸಾದ ಉದಾಹರಣೆ ಇದೆ. 17ನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಸ್ವರಗಳ ಜೋಡಣೆಯಿಂದ 72 ಮೇಳಗಳನ್ನು ಲೆಕ್ಕ ಹಾಕಿ ಕೊಟ್ಟ. ಆಮೇಲಿನವರು ಆ ಮೇಳಗಳ ಹೆಸರುಗಳನ್ನು ಕಟಪಯಾದಿ ಸಂಖ್ಯೆಗೆ ಹೊಂದಿಸಿದರು. ಮಾಯಾಮಾಳವಗೌಳದ ಮೊದಲ ಎರಡು ಅಕ್ಷರ ‘ಮ’ ಮತ್ತು ‘ಯ’; ಅವುಗಳ ಬೆಲೆ 5 ಮತ್ತು 1; ತಿರುಗಿಸಿದರೆ 15. ಹದಿನೈದನೆಯ ಮೇಳ ಎಂದೊಡನೆ 36ಕ್ಕಿಂತ ಕಡಿಮೆಯಾದ್ದರಿಂದ ಶುದ್ಧ ಮಧ್ಯಮ, ಮೂರನೆಯ ಚಕ್ರವಾದ್ದರಿಂದ ಶುದ್ಧ ರಿಷಭ ಮತ್ತು ಅಂತರ ಗಾಂಧಾರ, ಚಕ್ರದೊಳಗೆ ಮೂರನೆಯದಾದ್ದರಿಂದ ಶುದ್ಧ ಧೈವತ ಮತ್ತು ಕಾಕಲಿ ನಿಷಾದ ಎಂದು ಸ್ವರಗಳೆಲ್ಲ ಹೊರಬೀಳುತ್ತವೆ. ಎಲ್ಲಿಯೂ ಹುಡುಕಲಿಲ್ಲ, ಲೆಕ್ಕ ಮಾಡಿದೆವು ಅಷ್ಟೆ. ಗಣಕ ವಿಜ್ಞಾನದಲ್ಲಿ ‘ಹ್ಯಾಷ್’ ಎನ್ನುವುದು ಇಂಥದೇ ಉಪಾಯ: ವಸ್ತುವಿನಿಂದಲೇ ಅದರ ವಿಳಾಸವನ್ನು ಲೆಕ್ಕ ಹಾಕಿ ಪಡೆಯುವುದು. ಕಟಪಯಾದಿ ಹೆಸರಿನಿಂದ ವಿಳಾಸ ಕೊಡುತ್ತದೆ. ಬೇಕಾದದ್ದು ನಾದದಿಂದ ವಿಳಾಸ ಕೊಡುವ ವಿಧಾನ. ಮುಂದೆ ಬರುವ ಕಥೆಗೆ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಪಶ್ಚಿಮದಲ್ಲಿ ಹ್ಯಾರಲ್ಡ್ ಬಾರ್ಲೋ ಮತ್ತು ಸ್ಯಾಮ್ ಮಾರ್ಗೆನ್‌ಸ್ಟರ್ನ್ 1948ರಲ್ಲಿ ಸುಮಾರು ಹತ್ತು ಸಾವಿರ ವಾದ್ಯಸಂಗೀತದ ಮಟ್ಟುಗಳ ನಿಘಂಟನ್ನು ಹೊರತಂದರು. ಯಾವ ಶ್ರುತಿಯಲ್ಲಿದ್ದರೂ ಎಲ್ಲ ಮಟ್ಟುಗಳನ್ನೂ ‘ಸಿ’ ಶ್ರುತಿಗೆ ತಂದು, ಸ್ವರಾಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿದ್ದು ಅದರ ವಿಶೇಷ. ಮೂಲ ಶ್ರುತಿಯನ್ನು ಬಿಟ್ಟರು, ಲಯವನ್ನು ಬಿಟ್ಟರು. ಆದರೂ ಸ್ವರ ಗುರುತಿಸಬಲ್ಲವರಿಗಷ್ಟೇ ಆ ಪುಸ್ತಕ ಉಪಯುಕ್ತ.

1975ರಲ್ಲಿ ಡೆನಿಸ್ ಪಾರ್ಸನ್ಸ್ ಇನ್ನೂ ಧೈರ್ಯದ ಹೆಜ್ಜೆ ಇಟ್ಟರು. ಅವರು ಸ್ವರಗಳ ಹೆಸರನ್ನೂ ಬಿಟ್ಟರು. ಪ್ರತಿ ಸ್ವರ ಹಿಂದಿನದಕ್ಕಿಂತ ಏರಿತೇ, ಇಳಿಯಿತೇ, ಅಲ್ಲಿಯೇ ನಿಂತಿತೇ ಎಂಬ ಮೂರೇ ಗುರುತು. ಕನ್ನಡದಲ್ಲಿ ಏ, ಇ, ಸ ಎಂದು ಬರೆದುಕೊಳ್ಳೋಣ (‘ಸ’ ಎಂದರೆ ಸಮ). ಬೀಥೋವನ್‌ನ ಐದನೆಯ ಸಿಂಫನಿಯ ಪ್ರಸಿದ್ಧ ಆರಂಭ ‘ಸಸಇ ಏಸಸಇ’ ಆಗುತ್ತದೆ. ಪಾರ್ಸನ್ಸ್ ತಮ್ಮ ಪುಸ್ತಕದಲ್ಲಿ ಮೊದಲ ಸ್ವರದ ನಂತರ ಹದಿನೈದು ಗುರುತುಗಳವರೆಗೆ ಬಳಸಿ ಸುಮಾರು ಹದಿನೈದು ಸಾವಿರ ಮಟ್ಟುಗಳನ್ನು ಜೋಡಿಸಿದರು. ಇಷ್ಟು ಒರಟಾದ ಗುರುತು ಸಾಕೇ? ಮೂರನ್ನು ಹದಿನೈದು ಬಾರಿ ಗುಣಿಸಿದರೆ 1,43,48,907. ಹದಿನೈದು ಸಾವಿರ ಮಟ್ಟುಗಳಿಗೆ ಒಂದು ಕೋಟಿಗೂ ಮಿಕ್ಕಿ ಗೂಡುಗಳು! ಎಲ್ಲ ಗೂಡುಗಳೂ ಸಮವಾಗಿ ತುಂಬುವುದಿಲ್ಲ, ಏಕೆಂದರೆ ಮಟ್ಟುಗಳು ಯದ್ವಾತದ್ವಾ ನಡೆಯುವುದಿಲ್ಲ. ಆದರೂ ಜಾಗ ಧಾರಾಳ.

ಆದರೆ ಬೆಲೆ ಎಷ್ಟು ನೋಡಿ. ನಮ್ಮ ಮಕ್ಕಳು ಮೊದಲ ದಿನ ಕಲಿಯುವ ಸರಳೆ ವರಸೆಯ ಆರೋಹಣ ಪಾರ್ಸನ್ಸ್ ಗುರುತಿನಲ್ಲಿ ಏಳು ‘ಏ’ಗಳು. ಅದನ್ನು ಮಾಯಾಮಾಳವಗೌಳದಲ್ಲಿ ಹಾಡಿದರೂ, ಕಲ್ಯಾಣಿಯಲ್ಲಿ ಹಾಡಿದರೂ, 72 ಮೇಳಗಳ ಯಾವುದರಲ್ಲಿ ಹಾಡಿದರೂ ಅದೇ ಏಳು ‘ಏ’. ವೆಂಕಟಮಖಿ ಕಷ್ಟಪಟ್ಟು ಬೇರ್ಪಡಿಸಿದ್ದನ್ನೆಲ್ಲ ಪಾರ್ಸನ್ಸ್ ಒಂದೇ ಗೂಡಿಗೆ ಹಾಕಿದರು. ಯೂರೋಪಿನ ಮಟ್ಟುಗಳ ಮಟ್ಟಿಗೆ ಇದು ನಷ್ಟವಾಗಲಿಲ್ಲ ಎಂಬುದೇ ಆಶ್ಚರ್ಯ.

ಗುನುಗಿದರೆ ಹುಡುಕುವ ಗಣಕ

1995ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆಸಿಫ್ ಘಿಯಾಸ್, ಜೊನಾಥನ್ ಲೋಗನ್, ಡೇವಿಡ್ ಚೇಂಬರ್ಲಿನ್ ಮತ್ತು ಬ್ರಯನ್ ಸ್ಮಿತ್ ಇದೇ ಏರು-ಇಳಿ-ಸಮದ ಉಪಾಯವನ್ನು ಗಣಕಕ್ಕೆ ಕಲಿಸಿದರು. ಮೈಕಿನ ಮುಂದೆ ಗುನುಗಿದರೆ ಗಣಕ ಸ್ವರಗಳ ಆವೃತ್ತಿಯನ್ನು ಕಂಡುಹಿಡಿದು, ಗುರುತುಗಳ ಸಾಲು ಮಾಡಿ, ಸಂಗ್ರಹದಲ್ಲಿ ಹುಡುಕುತ್ತಿತ್ತು. ಸಂಗ್ರಹದಲ್ಲಿದ್ದದ್ದು 183 ಹಾಡುಗಳು. ಹತ್ತು ಹನ್ನೆರಡು ಏರಿಳಿತಗಳಿದ್ದರೆ ನೂರಕ್ಕೆ ತೊಂಬತ್ತು ಹಾಡುಗಳನ್ನು ಬೇರ್ಪಡಿಸಬಹುದೆಂದು ಅವರು ಕಂಡುಕೊಂಡರು.

ಆವೃತ್ತಿ ಕಂಡುಹಿಡಿಯಲು ಅವರು ನೆಚ್ಚಿದ್ದು ಅಲೆಯನ್ನು ಅದರದೇ ಸ್ವಲ್ಪ ತಡವಾದ ಪ್ರತಿಯೊಂದಿಗೆ ಹೋಲಿಸುವ ವಿಧಾನವನ್ನು. ತಡ ಒಂದು ಆವರ್ತಕಾಲಕ್ಕೆ ಸಮನಾದಾಗ ಅಲೆ ತನ್ನೊಡನೆ ತಾನೇ ಹೊಂದಿಕೊಳ್ಳುತ್ತದೆ. ತರಗತಿಯಲ್ಲಿ ಎರಡು ಪಾರದರ್ಶಕ ಹಾಳೆಗಳ ಮೇಲೆ ಒಂದೇ ಅಲೆಯನ್ನು ಬರೆದು ಒಂದರ ಮೇಲೊಂದು ಸರಿಸಿ ತೋರಿಸಬಹುದಾದ ಸಂಗತಿ.

ಗುನುಗುವವರು ತಪ್ಪು ಮಾಡುತ್ತಾರೆ. ಒಂದು ಸ್ವರ ನುಂಗುತ್ತಾರೆ, ಇನ್ನೊಂದನ್ನು ಸೇರಿಸುತ್ತಾರೆ. ಆದ್ದರಿಂದ ಎರಡು ಸಾಲುಗಳು ಹೊಂದುತ್ತವೆಯೇ ಎಂದು ಕೇಳದೆ, ಒಂದನ್ನು ಇನ್ನೊಂದಾಗಿಸಲು ಎಷ್ಟು ತಿದ್ದುಪಡಿ ಬೇಕು ಎಂದು ಕೇಳಬೇಕು. ಈ ‘ತಿದ್ದುಪಡಿ ದೂರ’ವನ್ನು ರಷ್ಯದ ಲೆವೆನ್‌ಷ್ಟೈನ್ 1965ರಲ್ಲಿ ವಿವರಿಸಿದ್ದರು. ಮೊಂಜೋ ಮತ್ತು ಸಾಂಕೋಫ್ 1990ರಲ್ಲಿ ಅದನ್ನು ಸಂಗೀತಕ್ಕೆ ಅನ್ವಯಿಸಿದರು. 1996ರಲ್ಲಿ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ತಂಡ ಒಂಬತ್ತು ಸಾವಿರಕ್ಕೂ ಹೆಚ್ಚು ಜನಪದ ಮಟ್ಟುಗಳ ಸಂಗ್ರಹದಲ್ಲಿ ಇಂಥ ಹುಡುಕಾಟ ನಡೆಸಿ ತೋರಿಸಿತು. ಆದರೆ ತಿದ್ದುಪಡಿ ದೂರಕ್ಕೆ ಪ್ರತಿ ಮಟ್ಟನ್ನೂ ಮುಟ್ಟಿ ನೋಡಲೇಬೇಕು. ಸಂಗ್ರಹ ಸಾವಿರಪಟ್ಟು ಬೆಳೆದರೆ ಕಾಯುವ ಸಮಯವೂ ಸಾವಿರಪಟ್ಟು. ಡಿ.ಎನ್.ಎ. ಸರಣಿಗಳನ್ನು ಹುಡುಕುವ ಜೀವವಿಜ್ಞಾನಿಗಳಿಗೂ ಇದೇ ತೊಂದರೆಯಿತ್ತು. ಮೊದಲು ಚಿಕ್ಕದೊಂದು ತುಣುಕು ನಿಖರವಾಗಿ ಹೊಂದುವ ಜಾಗಗಳನ್ನು ಸೂಚಿಯಿಂದ ಹೆಕ್ಕಿ, ಅಲ್ಲಿ ಮಾತ್ರ ಪೂರ್ಣ ಹೋಲಿಕೆ ಮಾಡುವ ‘ಬ್ಲಾಸ್ಟ್’ ಎಂಬ ಕ್ರಮವಿಧಿ 1990ರಲ್ಲಿ ಅವರನ್ನು ಪಾರುಮಾಡಿತ್ತು. ಸಂಗೀತದಲ್ಲಿ ಆ ‘ಚಿಕ್ಕ ತುಣುಕು’ ಯಾವುದು?

ನಕ್ಷತ್ರಪುಂಜದ ಉಪಾಯ

ಉತ್ತರ ಬಂದದ್ದು ಸ್ವರಗಳ ಕಡೆಯಿಂದಲ್ಲ, ಭೌತವಿಜ್ಞಾನದ ಕಡೆಯಿಂದ ಎನ್ನಲು ನನಗೆ ಸಂತೋಷ. ಧ್ವನಿಯನ್ನು ಚಿಕ್ಕ ಚಿಕ್ಕ ಕಾಲಾವಧಿಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಯಾವ ಯಾವ ಆವೃತ್ತಿಗಳು ಎಷ್ಟೆಷ್ಟಿವೆ ಎಂದು ಲೆಕ್ಕ ಹಾಕಿದರೆ ರೋಹಿತದ ಚಿತ್ರವೊಂದು ಸಿಗುತ್ತದೆ: ಅಡ್ಡಕ್ಕೆ ಕಾಲ, ಉದ್ದಕ್ಕೆ ಆವೃತ್ತಿ. ಈ ಲೆಕ್ಕವನ್ನು ಅಗ್ಗವಾಗಿಸಿದ್ದು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಶೀಘ್ರ ಫೂರಿಯೆ ಪರಿವರ್ತನೆ. 1,024 ಬಿಂದುಗಳಿಗೆ ಹಳೆಯ ವಿಧಾನದಲ್ಲಿ ಹತ್ತು ಲಕ್ಷ ದಾಟುವ ಹೆಜ್ಜೆಗಳು ಇಲ್ಲಿ ಹತ್ತು ಸಾವಿರದ ಆಸುಪಾಸಿಗೆ ಇಳಿಯುತ್ತವೆ. ಗೌಸ್ ಇದನ್ನು 1805ರಷ್ಟು ಹಿಂದೆಯೇ ಕಂಡುಕೊಂಡಿದ್ದ. ಗೌಸ್ ಕಂಡಿರದ ವಿಷಯ ಯಾವುದಿದೆ ಎಂದು ಗಣಿತದ ಅಧ್ಯಾಪಕರು ತಮಾಷೆ ಮಾಡುವುದುಂಟು.

2002ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಹೈಟ್ಸ್‌ಮಾ ಮತ್ತು ಕಾಲ್ಕರ್ ರೋಹಿತವನ್ನು 33 ಪಟ್ಟಿಗಳಾಗಿ ಒಡೆದು, ಅಕ್ಕಪಕ್ಕದ ಪಟ್ಟಿಗಳ ಶಕ್ತಿಯ ವ್ಯತ್ಯಾಸ ಹೆಚ್ಚುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ 32 ಬಿಟ್‌ಗಳಲ್ಲಿ ಬರೆದಿಡುವ ‘ಧ್ವನಿ ಬೆರಳಚ್ಚ’ನ್ನು ಪ್ರಕಟಿಸಿದರು. ಅದೇ ವರ್ಷ ಬ್ರಿಟನ್ನಿನಲ್ಲಿ ಶಜಾಮ್ ಎಂಬ ಸೇವೆ ಆರಂಭವಾಯಿತು. 2580 ಎಂದು ಒತ್ತಿ (ಫೋನಿನ ಗುಂಡಿಗಳ ನಡುಸಾಲು), ಹಾಡಿನ ಕಡೆಗೆ ಫೋನು ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿ ಹಾಡಿನ ಹೆಸರು ಎಸ್‌ಎಂಎಸ್ ಆಗಿ ಬರುತ್ತಿತ್ತು. ಅದರ ಕ್ರಮವಿಧಿಯನ್ನು ರೂಪಿಸಿದ ಏವರಿ ವಾಂಗ್ 2003ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ನಾನು ಓದಿರುವ ಲೇಖನಗಳಲ್ಲಿ ಇಷ್ಟು ಸರಳವಾಗಿ, ಇಷ್ಟು ದೂರ ಹೋಗುವಂಥದು ಬೇರೊಂದಿಲ್ಲ. ಸ್ವಲ್ಪ ನಿಂತು ನೋಡಬೇಕಾದದ್ದು.

ವಾಂಗ್ ರೋಹಿತದ ಚಿತ್ರದಲ್ಲಿ ಸುತ್ತಲಿಗಿಂತ ಎತ್ತರವಾಗಿರುವ ಶಿಖರಗಳನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಅಳಿಸಿದರು. ಶಿಖರಗಳ ಎತ್ತರವನ್ನೂ ಬಿಟ್ಟರು. ಚಿತ್ರ ಈಗ ರಾತ್ರಿಯ ಆಕಾಶದಂತೆ ಚುಕ್ಕೆಗಳ ಹರವು. ಶಿಖರಗಳೇ ಏಕೆ? ಕೋಣೆ, ಮೈಕು, ಫೋನಿನ ತಂತಿ ಇವೆಲ್ಲ ಸ್ಥೂಲವಾಗಿ ರೇಖೀಯ ವ್ಯವಸ್ಥೆಗಳು. ಸೈನ್ ಅಲೆಯೊಂದು ಇವುಗಳ ಮೂಲಕ ಹಾದುಹೋದಾಗ ಅದರ ಪಾರವೂ ಪ್ರಾವಸ್ಥೆಯೂ ಬದಲಾಗಬಹುದು, ಆವೃತ್ತಿ ಬದಲಾಗದು. ಇನ್ನು ಗದ್ದಲ ರೋಹಿತದಲ್ಲೆಲ್ಲ ನೆಲಮಟ್ಟವನ್ನು ಏರಿಸುತ್ತದೆ, ತಗ್ಗುಗಳನ್ನು ಮುಳುಗಿಸುತ್ತದೆ. ಎತ್ತರದ ಶಿಖರಗಳು ಪ್ರವಾಹದಲ್ಲಿ ಗುಡ್ಡದ ತುದಿಗಳಂತೆ ಮೇಲೆಯೇ ಉಳಿಯುತ್ತವೆ. ಬಿಟ್ಟದ್ದು ಕೆಡುವಂಥದು, ಉಳಿಸಿಕೊಂಡದ್ದು ಬಾಳುವಂಥದು.

ಆದರೆ ಒಂದು ಚುಕ್ಕೆಯಿಂದ ಗುರುತು ಸಿಗದು. ಆವೃತ್ತಿಗೆ 10 ಬಿಟ್ ಎಂದರೆ 1,024 ಗೂಡುಗಳು. ಲಕ್ಷ ಹಾಡುಗಳಿವೆ, ಪ್ರತಿಯೊಂದರಲ್ಲೂ ಸಾವಿರ ಚುಕ್ಕೆಗಳಿವೆ ಎಂದಿಟ್ಟುಕೊಂಡರೆ ಒಟ್ಟು ಹತ್ತು ಕೋಟಿ ಚುಕ್ಕೆಗಳು. ಗೂಡೊಂದಕ್ಕೆ ಸುಮಾರು ಒಂದು ಲಕ್ಷ. ನಮ್ಮ ತುಣುಕಿನಲ್ಲಿ ನೂರು ಚುಕ್ಕೆಗಳಿದ್ದರೆ ಒಂದು ಕೋಟಿ ನಮೂದುಗಳನ್ನು ತಡಕಬೇಕು. ವಾಂಗ್ ಮಾಡಿದ್ದೇನೆಂದರೆ, ಪ್ರತಿ ಚುಕ್ಕೆಯನ್ನೂ ಅದರ ಮುಂದಿರುವ ಸುಮಾರು ಹತ್ತು ಚುಕ್ಕೆಗಳೊಂದಿಗೆ ಜೋಡಿಮಾಡಿದರು. ಮೊದಲನೆಯದರ ಆವೃತ್ತಿ, ಎರಡನೆಯದರ ಆವೃತ್ತಿ, ನಡುವಿನ ಕಾಲ, ಹೀಗೆ ಮೂರು ಸಂಖ್ಯೆಗಳು ಸೇರಿ 30 ಬಿಟ್‌ಗಳ ಹ್ಯಾಷ್. ಗೂಡುಗಳ ಸಂಖ್ಯೆ 107 ಕೋಟಿ. ಸಂಗ್ರಹದ ಜೋಡಿಗಳು ಹತ್ತು ಪಟ್ಟಾಗಿ ನೂರು ಕೋಟಿಯಾದವು ನಿಜ, ಆದರೆ ಗೂಡೊಂದಕ್ಕೆ ಸರಾಸರಿ ಒಂದೇ. ತುಣುಕಿನ ನೂರು ಚುಕ್ಕೆಗಳು ಸಾವಿರ ಜೋಡಿಗಳಾದವು. ತಡಕಬೇಕಾದ ನಮೂದುಗಳು ಸುಮಾರು ಒಂದು ಸಾವಿರ. ಕೋಟಿಯಿಂದ ಸಾವಿರಕ್ಕೆ, ಅಂದರೆ ಹತ್ತು ಸಾವಿರ ಪಟ್ಟು ಉಳಿತಾಯ. ಕೊಟ್ಟ ಬೆಲೆ ಹತ್ತು ಪಟ್ಟು ಹೆಚ್ಚಿನ ಸ್ಮೃತಿ.

ಒಂದು ಆಕ್ಷೇಪ ಬರಬಹುದು. ಗದ್ದಲದಲ್ಲಿ ಅರ್ಧ ಚುಕ್ಕೆಗಳು ಅಳಿಸಿಹೋದರೆ ಜೋಡಿ ಉಳಿಯುವ ಸಂಭವನೀಯತೆ ಕಾಲುಭಾಗಕ್ಕೆ ಇಳಿಯುವುದಿಲ್ಲವೇ? ಇಳಿಯುತ್ತದೆ. ಆದರೆ ಪ್ರತಿ ಚುಕ್ಕೆಗೆ ಹತ್ತು ಜೋಡಿಗಳಿವೆ. ಕನಿಷ್ಠ ಒಂದಾದರೂ ಉಳಿಯುವ ಸಂಭವನೀಯತೆ ½ × (1 − 1/1024), ಅಂದರೆ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. ಪಿ.ಯು.ಸಿ. ಗಣಿತದಲ್ಲಿ ಮುಗಿಯುವ ಲೆಕ್ಕ ಇದು.

ಕೊನೆಯ ಹಂತ ಇನ್ನೂ ಸರಳ. ಹೊಂದಿದ ಪ್ರತಿ ಜೋಡಿಗೂ ಹಾಡಿನಲ್ಲಿನ ಕಾಲದಿಂದ ತುಣುಕಿನಲ್ಲಿನ ಕಾಲವನ್ನು ಕಳೆಯುತ್ತಾರೆ. ಸರಿಯಾದ ಹಾಡಾದರೆ ವ್ಯತ್ಯಾಸ ಎಲ್ಲದಕ್ಕೂ ಒಂದೇ. ತಪ್ಪು ಹಾಡಾದರೆ ಚದುರಿಹೋಗುತ್ತದೆ. ವ್ಯತ್ಯಾಸಗಳ ಸ್ತಂಭಾಲೇಖದಲ್ಲಿ ಒಂದು ಕಂಬ ಎದ್ದು ನಿಂತರೆ ಹಾಡು ಸಿಕ್ಕಿತು. ಸುಮಾರು ಇಪ್ಪತ್ತು ಸಾವಿರ ಹಾಡುಗಳ ಸಂಗ್ರಹದಲ್ಲಿ ಸಾಧಾರಣ ಗಣಕವೊಂದಕ್ಕೆ 5ರಿಂದ 500 ಮಿಲಿಸೆಕೆಂಡ್ ಸಾಕಾಯಿತೆಂದು ವಾಂಗ್ ವರದಿ ಮಾಡಿದ್ದಾರೆ. 2018ರಲ್ಲಿ ಆಪಲ್ ಕಂಪನಿ ಶಜಾಮನ್ನು ಕೊಂಡುಕೊಂಡಿತು.

ಈ ವಿಧಾನ ಗುರುತಿಸುವುದು ಹಾಡನ್ನಲ್ಲ, ಮುದ್ರಿಕೆಯನ್ನು ಎಂಬುದನ್ನು ಮರೆಯಬಾರದು. ಅದೇ ಗಾಯಕಿ ಅದೇ ಹಾಡನ್ನು ಮರುದಿನ ಹಾಡಿದರೆ ಚುಕ್ಕೆಗಳ ನಡುವಿನ ಕಾಲ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಬದಲಾಗಿ, ಬೇರೆ ಗೂಡು ತೆರೆಯುತ್ತದೆ. ಎಲ್ಲರೆದುರು ನಡೆಯುವ ಕಾರ್ಯಕ್ರಮದಲ್ಲಿ ಶಜಾಮ್ ಹಾಡನ್ನು ಸರಿಯಾಗಿ ಗುರುತಿಸಿಬಿಟ್ಟರೆ, ಕಲಾವಿದರು ಮುದ್ರಿಕೆ ಹಾಕಿ ತುಟಿಯಾಡಿಸುತ್ತಿರಬಹುದು ಎಂಬ ಚಟಾಕಿಯೂ ವಾಂಗ್ ಅವರ ಲೇಖನದಲ್ಲಿದೆ.

ರಾಗದ ಮುಂದೆ

ಇನ್ನು ನಮ್ಮ ಸಂಗೀತಕ್ಕೆ ಬರೋಣ. ಇಲ್ಲಿ ಹುಡುಕುವವರು ಕೇಳುವ ಪ್ರಶ್ನೆಯೇ ಬೇರೆ. ಈ ಮುದ್ರಿಕೆ ಯಾವುದು ಎಂದಲ್ಲ. ಈ ರಾಗ ಯಾವುದು, ಇದೇ ಸಂಚಾರ ಬೇರೆ ಯಾರ ಆಲಾಪನೆಯಲ್ಲಿ ಬಂದಿದೆ ಎಂದು ಕೇಳುತ್ತಾರೆ. ಕಲಿಯುವವರಿಗೂ ಕಲಿಸುವವರಿಗೂ ಬೇಕಾದದ್ದು ಇದೇ. ಆಲಾಪನೆ ಎರಡು ಸಲ ಒಂದೇ ರೀತಿ ಬರುವುದಿಲ್ಲವಾದ್ದರಿಂದ ಬೆರಳಚ್ಚು ಇಲ್ಲಿ ನಿರುಪಯೋಗಿ.

ಮೊದಲ ತೊಡಕು ಆಧಾರ ಶ್ರುತಿ. ಒಬ್ಬರ ಷಡ್ಜ 131 ಹರ್ಟ್ಸ್ ಆದರೆ ಇನ್ನೊಬ್ಬರದು 196. ಷಡ್ಜ ಗೊತ್ತಾಗದೆ ಉಳಿದ ಸ್ವರಗಳಿಗೆ ಹೆಸರಿಲ್ಲ. ಪುಣ್ಯಕ್ಕೆ ಹಿನ್ನೆಲೆಯಲ್ಲಿ ತಂಬೂರಿ ಇರುತ್ತದೆ. ತಂಬೂರಿಯ ಕುದುರೆ ಮತ್ತು ಜೀವಾಳಿಯ ಏರ್ಪಾಡಿನಿಂದ, ಸಾಮಾನ್ಯ ನಿಯಮದ ಪ್ರಕಾರ ಕೇಳಿಸಬಾರದ ಮೇಲ್ಸ್ವರಗಳೂ ಕೇಳಿಸುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಈ ಸಮೃದ್ಧ ಮೇಲ್ಸ್ವರಗಳು ಮುದ್ರಿಕೆಯುದ್ದಕ್ಕೂ ನಿಂತಿರುವುದರಿಂದ ಷಡ್ಜವನ್ನು ಹಿಡಿಯಲು ಗಣಕಕ್ಕೆ ಆಸರೆಯಾಗುತ್ತವೆ. ಆಮೇಲೆ ಪ್ರತಿ ಆವೃತ್ತಿಯನ್ನೂ ಷಡ್ಜದಿಂದ ಭಾಗಿಸಿ ಲಘುಗಣಕ ತೆಗೆದುಕೊಂಡರೆ ಎಲ್ಲ ಗಾಯಕರೂ ಒಂದೇ ಶ್ರುತಿಗೆ ಬಂದಂತಾಗುತ್ತದೆ.

ಎರಡನೆಯ ಹಂತದಲ್ಲಿ ಯಾವ ಸ್ವರದ ಮೇಲೆ ಎಷ್ಟು ಕಾಲ ನಿಂತರು ಎಂದು ಎಣಿಸಿ ಸ್ತಂಭಾಲೇಖ ಮಾಡುತ್ತಾರೆ. ಪರಾಗ್ ಚೋರ್ಡಿಯಾ ಮತ್ತು ಅಲೆಕ್ಸ್ ರೇ 2007ರಲ್ಲಿ ಹಿಂದುಸ್ತಾನಿ ರಾಗಗಳನ್ನು ಹೀಗೆ ಗುರುತಿಸಿದರು. ಸ್ವರಗಳ ಜೊತೆಗೆ ಒಂದರ ನಂತರ ಬರುವ ಇನ್ನೊಂದು ಸ್ವರ, ಹೀಗೆ ಜೋಡಿಗಳನ್ನೂ ಎಣಿಸಿದರು. ಭೂಪಾಲಿ ಮತ್ತು ದೇಶಕಾರ್ ಎರಡರಲ್ಲೂ ಅವೇ ಐದು ಸ್ವರಗಳು: ಸ, ರಿ, ಗ, ಪ, ಧ. ಭೂಪಾಲಿಯಲ್ಲಿ ಗಾಂಧಾರಕ್ಕೆ ಒತ್ತು, ದೇಶಕಾರದಲ್ಲಿ ಧೈವತಕ್ಕೆ. ಸ್ತಂಭಗಳ ಎತ್ತರ ಈ ವ್ಯತ್ಯಾಸವನ್ನು ಹಿಡಿಯಬಲ್ಲದು. ಗಂಟೆಗಟ್ಟಲೆಯ ಹಾಡಿಕೆ ಕೆಲವೇ ಸಂಖ್ಯೆಗಳಿಗೆ ಇಳಿಯುವುದರಿಂದ ಹುಡುಕಾಟವೂ ಅಗ್ಗ.

ಕರ್ನಾಟಕ ಸಂಗೀತದಲ್ಲಿ ಇದು ಎಡವುತ್ತದೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ. ಅಕ್ಕಪಕ್ಕದ ಸ್ವರಗಳ ಕಡೆ ಓಲಾಡುವ ಆ ಚಲನೆಯೇ ಅಲ್ಲಿ ಗಾಂಧಾರ. ಸ್ತಂಭಾಲೇಖದಲ್ಲಿ ಅದು ಗಾಂಧಾರದ ಜಾಗದಲ್ಲಿ ಚೂಪಾದ ಕಂಬವಾಗದೆ ಹರಡಿಹೋಗುತ್ತದೆ. ಆರಭಿ ಮತ್ತು ದೇವಗಾಂಧಾರಿಗಳ ಆರೋಹಣ ಅವರೋಹಣ ಒಂದೇ. ಗಮಕ ಮತ್ತು ನಡೆಯ ವೇಗದಿಂದ ಕೇಳುಗರು ಎರಡನ್ನೂ ಕ್ಷಣದಲ್ಲಿ ಬೇರ್ಪಡಿಸುತ್ತಾರೆ. ಕಾಲಕ್ರಮವನ್ನು ಬಿಟ್ಟುಬಿಟ್ಟ ಸ್ತಂಭಾಲೇಖಕ್ಕೆ ಆ ಸುಳಿವೇ ಇಲ್ಲ. ಯೂರೋಪಿನ ಮಟ್ಟುಗಳಲ್ಲಿ ಅಲಂಕಾರವೆಂದು ಒರೆಸಿಹಾಕಬಹುದಾದದ್ದೇ ಇಲ್ಲಿ ಜೀವ.

ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಕ್ಸೇವಿಯರ್ ಸೆರಾ ಅವರ ನೇತೃತ್ವದಲ್ಲಿ 2011ರಿಂದ 2017ರವರೆಗೆ ನಡೆದ ‘ಕಾಂಪ್‌ಮ್ಯೂಸಿಕ್’ ಯೋಜನೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಹಿಂದುಸ್ತಾನಿ, ಕರ್ನಾಟಕ, ತುರ್ಕಿ, ಅರಬ್-ಆಂದಲೂಸಿಯ ಮತ್ತು ಬೀಜಿಂಗ್ ಅಪೆರಾ ಎಂಬ ಐದು ಸಂಪ್ರದಾಯಗಳು ಅದರ ವ್ಯಾಪ್ತಿಯಲ್ಲಿದ್ದವು. ಮದ್ರಾಸ್ ಮತ್ತು ಮುಂಬಯಿ ಐ.ಐ.ಟಿ.ಗಳು ಪಾಲುಗೊಂಡಿದ್ದವು. ಅಲ್ಲಿಂದ ಬಂದ ಉಪಾಯಗಳಲ್ಲಿ ಒಂದು ಭೌತವಿಜ್ಞಾನಿಗಳಿಗೆ ಹಳೆಯ ಪರಿಚಯ. ಲೋಲಕದ ಚಲನೆಯನ್ನು ಪ್ರಾವಸ್ಥಾ ನಕ್ಷೆಯಲ್ಲಿ ನೋಡುತ್ತೇವಲ್ಲ? ಅಳೆದದ್ದು ಒಂದೇ ರಾಶಿಯಾದರೂ, ಈ ಕ್ಷಣದ ಬೆಲೆಯನ್ನು ಸ್ವಲ್ಪ ಹಿಂದಿನ ಬೆಲೆಯ ಎದುರು ಗುರುತಿಸಿದರೆ ವ್ಯವಸ್ಥೆಯ ಗತಿ ಚಿತ್ರವಾಗಿ ಮೂಡುತ್ತದೆ ಎಂದು ಟಾಕೆನ್ಸ್ 1981ರಲ್ಲಿ ತೋರಿಸಿದ್ದರು. ಸಂಕಲ್ಪ್ ಗುಲಾಟಿ ಮತ್ತು ಸಂಗಡಿಗರು 2016ರಲ್ಲಿ ರಾಗಕ್ಕೆ ಇದನ್ನೇ ಮಾಡಿದರು. ಈ ಕ್ಷಣದ ಸ್ವರ ಅಡ್ಡಕ್ಕೆ, ಸೆಕೆಂಡಿನ ಅಂಶದಷ್ಟು ಹಿಂದಿನ ಸ್ವರ ಉದ್ದಕ್ಕೆ. ಸ್ವರ ಸ್ಥಿರವಾಗಿ ನಿಂತರೆ ಚುಕ್ಕೆ ಕರ್ಣರೇಖೆಯ ಮೇಲೆ ಬೀಳುತ್ತದೆ. ಗಮಕ ಬಂದರೆ ರೇಖೆ ಬಿಟ್ಟು ಕುಣಿಕೆಯಾಗಿ ಸುತ್ತುತ್ತದೆ. ಒಂದೇ ಸ್ವರಗಳ ಎರಡು ರಾಗಗಳೂ ಬೇರೆ ಬೇರೆ ಚಿತ್ರ ಬಿಡಿಸುತ್ತವೆ, ಮತ್ತು ಎಷ್ಟೇ ಉದ್ದದ ಹಾಡಿಕೆಯಾದರೂ ಚಿತ್ರ ಒಂದೇ. ಹಿಂದುಸ್ತಾನಿ ರಾಗಗಳಲ್ಲಿ ಸಿಕ್ಕ ಯಶಸ್ಸು ಕರ್ನಾಟಕ ರಾಗಗಳಲ್ಲಿ ಸಿಕ್ಕದ್ದಕ್ಕಿಂತ ಹೆಚ್ಚಾಗಿತ್ತು.

ಸಂಚಾರಗಳನ್ನೇ ಹುಡುಕಬೇಕೆಂದರೆ ಕಾಲವನ್ನು ಹಿಗ್ಗಿಸಿ ಕುಗ್ಗಿಸಿ ಹೋಲಿಸಬೇಕು. ಸಕೋಯೆ ಮತ್ತು ಚಿಬಾ 1978ರಲ್ಲಿ ಮಾತಿನ ಗುರುತಿಸುವಿಕೆಗೆ ಬಳಸಿದ ಈ ವಿಧಾನ ತುಂಬ ದುಬಾರಿ. ಅದನ್ನು ಅಗ್ಗವಾಗಿಸಿದ್ದು ಇಮನ್ ಕಿಯೋ 2002ರಲ್ಲಿ ಕೊಟ್ಟ ಸೂತ್ರ: ಎರಡು ಸಂಚಾರಗಳ ನಡುವಿನ ದೂರ ಕನಿಷ್ಠ ಇಷ್ಟಿರಲೇಬೇಕು ಎಂಬ ಅಂದಾಜು ಸುಲಭವಾಗಿ ಸಿಗುತ್ತದೆ, ಆ ಅಂದಾಜೇ ಇದುವರೆಗಿನ ಉತ್ತಮ ಹೊಂದಾಣಿಕೆಯ ದೂರವನ್ನು ಮೀರಿದರೆ ಪೂರ್ಣ ಲೆಕ್ಕ ಮಾಡುವುದೇ ಬೇಡ. ತರಕಾರಿ ಕೊಳ್ಳುವವರು ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡುವುದಿಲ್ಲ, ಕಣ್ಣಳತೆಯಲ್ಲೇ ಬಹಳಷ್ಟನ್ನು ಬಿಡುತ್ತಾರಲ್ಲ, ಹಾಗೆ.

ಕಲಿಯುವ ಜಾಲಗಳು

2020ರ ಅಕ್ಟೋಬರಿನಲ್ಲಿ ಗೂಗಲ್ ಗುನುಗಿ ಹುಡುಕುವ ಸೌಲಭ್ಯವನ್ನು ಫೋನುಗಳಿಗೆ ತಂದಿತು. ಇಲ್ಲಿ ಯಾವುದನ್ನು ಬಿಡಬೇಕೆಂದು ಮನುಷ್ಯರು ಹೇಳುವುದಿಲ್ಲ. ಗುನುಗಿದ್ದೂ ಅದರ ಮೂಲ ಮುದ್ರಿಕೆಯೂ ಹತ್ತಿರ ಬೀಳುವಂತೆ, ಬೇರೆ ಹಾಡುಗಳು ದೂರ ಬೀಳುವಂತೆ ನರಜಾಲವೊಂದು ಧ್ವನಿಯನ್ನು ಹಲವು ಆಯಾಮಗಳ ಅವಕಾಶದಲ್ಲಿ ಬಿಂದುವಾಗಿಸಲು ತಾನೇ ಕಲಿಯುತ್ತದೆ. ಮುಂದಿನ ಕೆಲಸ ಹತ್ತಿರದ ಬಿಂದುವನ್ನು ಬೇಗ ಹುಡುಕುವುದು. ಅದಕ್ಕೆ ದಾರಿ ತೋರಿದವರಲ್ಲಿ ಪಿಯೋಟರ್ ಇಂಡಿಕ್ ಮತ್ತು ರಾಜೀವ್ ಮೋಟ್ವಾನಿ ಮುಖ್ಯರು. ಮಾಮೂಲಿ ಹ್ಯಾಷ್ ಚೂರು ಬದಲಾದರೂ ದೂರದ ಗೂಡಿಗೆ ಎಸೆಯುತ್ತದೆ. 1998ರಲ್ಲಿ ಅವರು ವಿವರಿಸಿದ್ದು ಅಕ್ಕಪಕ್ಕದ ಬಿಂದುಗಳು ಒಂದೇ ಗೂಡಿಗೆ ಬೀಳುವ ಸಂಭವ ಹೆಚ್ಚಿರುವ ಹ್ಯಾಷ್. ಆದರೆ ಜಾಲ ಏನನ್ನು ಬಿಟ್ಟಿತೆಂದು ನಮಗೆ ತೆರೆದು ತೋರಿಸಲಾರದು. ಕಲಿಕೆಗೆ ಕೊಟ್ಟ ಉದಾಹರಣೆಗಳೆಲ್ಲ ಸಿನಿಮಾ ಹಾಡು, ಪಾಪ್ ಹಾಡುಗಳಾಗಿದ್ದರೆ ಗಮಕವನ್ನು ಅದು ಗುನುಗುವವರ ನಡುಕವೆಂದೇ ಎಣಿಸಿ ಬಿಡಬಹುದೆಂಬ ಶಂಕೆ ನನ್ನದು.

‘ಒಂದೇ ಹಾಡು’ ಎಂದರೇನು ಎಂಬುದೇ ಕೆಲವು ಕಡೆ ತಲೆಕೆಳಗಾಗುತ್ತದೆ. ದಾಸರ ಪದಗಳನ್ನು ನೋಡಿ. ಬಹಳಷ್ಟು ಪದಗಳ ಮೂಲ ಮಟ್ಟು ಉಳಿದುಬಂದಿಲ್ಲ. ಬೇರೆ ಬೇರೆ ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ವಚನಗಳದ್ದೂ ಅದೇ ಕಥೆ. ಮಟ್ಟಿನಿಂದ ಹುಡುಕುವ ಗಣಕಕ್ಕೆ ಇವು ಬೇರೆ ಹಾಡುಗಳು, ನಮಗೆ ಒಂದೇ ಪದ. ಇಲ್ಲಿ ಮಟ್ಟನ್ನು ಬಿಟ್ಟು ಸಾಹಿತ್ಯವನ್ನು ಹಿಡಿಯಬೇಕು. ಆದರೆ ಮಾತನ್ನು ಗುರುತಿಸುವ ಯಂತ್ರಗಳು ಒಂದು ‘ಆ’ಕಾರವನ್ನು ಹತ್ತು ಸೆಕೆಂಡು ಎಳೆಯುವ ಹಾಡಿಕೆಯ ಮುಂದೆ ತಬ್ಬಿಬ್ಬಾಗುತ್ತವೆ.

ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಮ್ಮೇಳನ ‘ಇಸ್ಮಿರ್’ 2000ದಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ಮೊದಲ ಬಾರಿ ಸೇರಿತ್ತು. 2022ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಿತು. ನಮ್ಮಲ್ಲಿ ಬಾಕಿ ಇರುವ ಕೆಲಸ ಒಂದೆರಡಲ್ಲ. ಹಳೆಯ ಕಚೇರಿಗಳ ಮುದ್ರಿಕೆಗಳಲ್ಲಿ ಅನೇಕವು ಮೂರು ಗಂಟೆಯ ಒಂದೇ ಕಡತವಾಗಿ ಉಳಿದಿವೆ. ಯಾವ ಕೀರ್ತನೆ ಎಲ್ಲಿ ಶುರುವಾಗುತ್ತದೆ ಎಂಬ ಗುರುತಿಲ್ಲ. ಕೂತು ಕೇಳಿ ಬರೆಯುವಷ್ಟು ಜನವೂ ಇಲ್ಲ. ಮದ್ರಾಸ್ ಐ.ಐ.ಟಿ.ಯಲ್ಲಿ ಹೇಮಾ ಮೂರ್ತಿ ಅವರ ತಂಡ 2012ರಲ್ಲಿ ಇದಕ್ಕೊಂದು ಉಪಾಯ ಮುಂದಿಟ್ಟಿತು: ಹಾಡನ್ನು ಬಿಟ್ಟು ಚಪ್ಪಾಳೆಯನ್ನು ಹುಡುಕುವುದು. ಚಪ್ಪಾಳೆಯ ರೋಹಿತ ಗದ್ದಲದಂತೆ ಹರಡಿರುತ್ತದೆ, ಸಂಗೀತದ ರೋಹಿತದಲ್ಲಿ ಶಿಖರಗಳಿರುತ್ತವೆ, ಬೇರ್ಪಡಿಸುವುದು ಕಷ್ಟವಲ್ಲ. ತೊಂದರೆ ಇರುವುದು ನಮ್ಮ ಸಭಿಕರಲ್ಲಿ. ಅವರು ಕೀರ್ತನೆ ಮುಗಿದಾಗ ಮಾತ್ರವಲ್ಲ, ಆಲಾಪನೆ ಮುಗಿದಾಗಲೂ, ಪಿಟೀಲಿನವರು ಬಿಲ್ಲು ಇಳಿಸಿದಾಗಲೂ, ತನಿ ಆವರ್ತನದ ನಡುವೆಯೂ ಚಪ್ಪಾಳೆ ತಟ್ಟುತ್ತಾರೆ. ಹೀಗೆ ತುಂಡಾದ ಭಾಗಗಳಲ್ಲಿ ಯಾವುವು ಒಂದೇ ಕೀರ್ತನೆಗೆ ಸೇರಿದವು ಎಂದು ತಿಳಿಯಲು ಮತ್ತೆ ರಾಗವನ್ನೇ ಕೇಳಬೇಕಾಗುತ್ತದೆ.